ಎಷ್ಟು ಬಂದವು, ಯಾರು ಬರಲಿಲ್ಲ

ಮೈಸೂರಿನಿಂದ ಸಂಜೆ ಹೊರಡುವ ರೈಲು ನನ್ನನ್ನು ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿಸುವ ಹೊತ್ತಿಗೆ ನಮ್ಮ ಕೋಳಿಗಳು ಗೂಡು ಸೇರುವ ಯೋಚನೆಯಲ್ಲಿರುತ್ತವೆ. ಅಲ್ಲಿಂದ ಊರಿಗೆ ಸ್ಕೂಟರಿನಲ್ಲಿ ಹದಿನೈದು ನಿಮಿಷ. ರೈಲು ಸರಿಯಾಗಿ ಬಂದ ದಿನ ನಾನು ಗೇಟು ತೆಗೆಯುವಾಗ ಹಿತ್ತಲಿನ ಗಲಾಟೆ ಇನ್ನೂ ಮುಗಿದಿರುವುದಿಲ್ಲ. ಬ್ಯಾಗನ್ನು ಜಗಲಿ ಮೇಲೆ ಎಸೆದು, ಚಪ್ಪಲಿ ಬದಲಿಸಿ, ಸೀದಾ ಗೂಡಿನ ಬಾಗಿಲಿಗೆ ಹೋಗುತ್ತೇನೆ. ಒಂದು, ಎರಡು, ಮೂರು. ಇಪ್ಪತ್ತೆರಡು ಆಯ್ತಾ? ಆಯ್ತು. ಚಿಲಕ ಹಾಕಿ ಒಳಗೆ ಬಂದರೆ ಕಾಫಿ.

ಅವ್ವ ಎಣಿಸುವುದಿಲ್ಲ. ಎಣಿಸಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಒಳಗೆ ಒಂದು ಸಲ ಕಣ್ಣಾಡಿಸುತ್ತಾಳೆ ಅಷ್ಟೆ. ‘ಚುಕ್ಕಿ ಬಂದಿಲ್ಲ’ ಅನ್ನುತ್ತಾಳೆ. ಆಮೇಲೆ ನಾನು ಎಣಿಸಿ ನೋಡಿದರೆ ಇಪ್ಪತ್ತೊಂದು. ಒಂದು ಸಲ ಕೇಳಿಯೇಬಿಟ್ಟೆ, ಎಣಿಸದೆ ಹೆಂಗವ್ವ ಗೊತ್ತಾಗುತ್ತೆ ಅಂತ. ‘ಎಣಿಸಕೆ ಅವೇನು ತೆಂಗಿನಕಾಯಾ?’ ಅಂದಳು.

ಈ ಹಿಂಡನ್ನು ಯಾರೂ ಯೋಜನೆ ಹಾಕಿ ಕಟ್ಟಲಿಲ್ಲ. ಅವ್ವನ ಹತ್ತಿರ ಯಾವಾಗಲೂ ನಾಲ್ಕೈದು ನಾಟಿ ಕೋಳಿ ಇರುತ್ತಿದ್ದವು. ಅಪ್ಪ ಹೋದ ಮೇಲೆ ಹಸು ಮಾರಿದೆವು. ಖಾಲಿ ಕೊಟ್ಟಿಗೆ ನೋಡಲು ಇಬ್ಬರಿಗೂ ಆಗುತ್ತಿರಲಿಲ್ಲ. 2019ರಲ್ಲಿ ನಾನು ಹತ್ತು ಗಿರಿರಾಜ ಮರಿ ತಂದೆ. ನಮ್ಮ ಕಡೆ ಗಿರಿರಾಜ ಅಂದರೆ ಮಕ್ಕಳಿಗೂ ಗೊತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬೆಳೆಸಿ 1989ರಲ್ಲಿ ಹಿತ್ತಲ ಸಾಕಣೆಗೆ ಅಂತಲೇ ಬಿಟ್ಟ ತಳಿ ಅದು. ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಮುಂದಿನ ವರ್ಷ ಆರು ಸ್ವರ್ಣಧಾರ ಬಂದವು. ಅದೂ ಹೆಬ್ಬಾಳದ್ದೇ, 2005ರಲ್ಲಿ ಬಂದದ್ದು. ಮೈ ಸ್ವಲ್ಪ ಹಗುರ, ಮೊಟ್ಟೆ ಜಾಸ್ತಿ, ವರ್ಷಕ್ಕೆ 180-190. ಅವ್ವನ ನಾಟಿಗಳು ಐವತ್ತು ಅರವತ್ತು ದಾಟಿದರೆ ದೊಡ್ಡದು.

ಇದಲ್ಲದೆ ಬಾವ ಯಾರದೋ ಫಾರ್ಮಿನಿಂದ ಒಂದು ಕಡಕ್‌ನಾಥ್ ಹೇಟೆ ತಂದುಕೊಟ್ಟರು. ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕ ಮೇಲೆ ಎಲ್ಲರಿಗೂ ಅದರ ಹುಚ್ಚು ಹಿಡಿದಿತ್ತು. ಚರ್ಮ, ಮಾಂಸ, ಮೂಳೆ ಎಲ್ಲ ಕಪ್ಪು. ಅವ್ವ ನೋಡಿದ ಕೂಡಲೇ ‘ಕಾಳಿ’ ಅಂತ ಹೆಸರಿಟ್ಟಳು. ಊರಿನವರೆಲ್ಲ ಬಂದು ಮೊಟ್ಟೆನೂ ಕಪ್ಪಾ ಅಂತ ಕೇಳಿದರು. ಅಲ್ಲ. ಕೆನೆ ಬಣ್ಣದ, ಸುಮ್ನೆ ಒಂದು ಮೊಟ್ಟೆ. ಕೇಳಿದವರಿಗೆಲ್ಲ ಸ್ವಲ್ಪ ಬೇಜಾರೇ ಆಗುತ್ತಿತ್ತು.

ಎರಡು ಗಿನಿಕೋಳಿಗಳೂ ಇವೆ. ಹಾವು ಕಂಡರೆ ಕೂಗುತ್ತವೆ ಅಂತ ತಂದದ್ದು. ಹಾವು ಕಂಡರೂ ಕೂಗುತ್ತವೆ, ಪೋಸ್ಟ್‌ಮ್ಯಾನ್ ಕಂಡರೂ ಕೂಗುತ್ತವೆ, ಏನೂ ಕಾಣದಿದ್ದರೂ ಕೂಗುತ್ತವೆ. ರಾತ್ರಿ ಹೆಂಚಿನ ಮೇಲೆ ಮಲಗುತ್ತವೆ. ಅವು ನನ್ನ ಲೆಕ್ಕದಲ್ಲಿಲ್ಲ.

ಬೇರೆ ಬೇರೆ ಜಾತಿಯ ಕೋಳಿಗಳನ್ನು ಒಂದೇ ಸೂರಿನಡಿ ಹಾಕಿದರೆ ಏನಾಗುತ್ತದೆ ಅನ್ನುವುದು ಹಗಲು ಗೊತ್ತಾಗುವುದಿಲ್ಲ. ಹಗಲೆಲ್ಲ ಅವು ಅವುಗಳ ಪಾಡಿಗೆ ತಿಪ್ಪೆ ಕೆದಕಿಕೊಂಡು ಇರುತ್ತವೆ. ಗೊತ್ತಾಗುವುದು ಮುಸ್ಸಂಜೆ ಆ ಹತ್ತು ಹದಿನೈದು ನಿಮಿಷದಲ್ಲಿ, ಯಾರು ಯಾವ ಗಳದ ಮೇಲೆ ಅಂತ ತೀರ್ಮಾನ ಆಗುವಾಗ. ನಾಟಿ ಕೋಳಿಗೆ ಎತ್ತರ ಬೇಕು. ಬಿಟ್ಟರೆ ಸೀಬೆ ಮರ ಹತ್ತುತ್ತದೆ. ಗಿರಿರಾಜಕ್ಕೂ ಎತ್ತರದ ಆಸೆ ಇದೆ, ಮೈ ಬಿಡಬೇಕಲ್ಲ. ನಮ್ಮ ಒಂದೊಂದು ಹೇಟೆ ಮೂರು ಕಿಲೋ. ಮೊದಲ ವರ್ಷ ನಾನು ಬುದ್ಧಿವಂತಿಕೆ ಮಾಡಿ ಎಲ್ಲ ಬಿದಿರು ಗಳಗಳನ್ನೂ ನಾಲ್ಕೂವರೆ ಅಡಿ ಎತ್ತರಕ್ಕೆ ಕಟ್ಟಿಸಿದ್ದೆ. ಏಣಿ ಇಟ್ಟಿದ್ದರಿಂದ ಹತ್ತುವುದು ಹೇಗೋ ಆಗುತ್ತಿತ್ತು. ಬೆಳಿಗ್ಗೆ ಮೇಲಿಂದ ಧೊಪ್ಪಂತ ಬೀಳುತ್ತಿದ್ದವು. ಎರಡು ತಿಂಗಳಲ್ಲಿ ಮೂರು ಕೋಳಿ ಕುಂಟತೊಡಗಿದವು. ಅಂಗಾಲಿನಲ್ಲಿ ಗಾಯ ಆಗಿ, ಗಂಟು ಕಟ್ಟಿ, ಒಳಗೆ ಕೀವು. ಈಗ ಮೆಟ್ಟಿಲು ಥರ ಮೂರು ಗಳ ಇವೆ. ಕೆಳಗಿನದು ಒಂದೂವರೆ ಅಡಿಯಲ್ಲಿ, ಗಿರಿರಾಜಗಳಿಗೆ. ಒಂದರ ನೇರಕ್ಕೆ ಒಂದು ಬರದಂತೆ ಕಟ್ಟಿದ್ದೇವೆ. ಇಲ್ಲದಿದ್ದರೆ ಮೇಲಿನವರ ಹಿಕ್ಕೆ ರಾತ್ರಿಯೆಲ್ಲ ಕೆಳಗಿನವರ ತಲೆ ಮೇಲೆ.

ಗಾತ್ರಕ್ಕೂ ದರ್ಬಾರಿಗೂ ಸಂಬಂಧ ಇಲ್ಲ. ನಮ್ಮಲ್ಲಿ ಎಲ್ಲರನ್ನೂ ಆಳುವವಳು ಕೆಂಚಿ. ಒಂದೂ ಕಾಲು ಕಿಲೋ ನಾಟಿ ಹೇಟೆ. ಅವಳು ಮೇವಿನ ಹತ್ತಿರ ಬಂದರೆ ಮೂರು ಕಿಲೋದವರು ದಾರಿ ಬಿಡುತ್ತಾರೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಒಂದು ಸರದಿ ಇದೆ ಅಂತ ಮೊದಲು ಬರೆದಿಟ್ಟವನು ನಾರ್ವೆ ದೇಶದ ಥೋರ್ಲೀಫ್ ಶೆಲ್ಡೆರುಪ್ ಎಬ್ಬೆ, 1920ರ ದಶಕದ ಶುರುವಿನಲ್ಲಿ. ಚಿಕ್ಕ ಹುಡುಗನಾಗಿದ್ದಾಗಿನಿಂದಲೇ ಕೋಳಿಗಳ ಮುಂದೆ ಕೂತು ನೋಡುತ್ತಿದ್ದನಂತೆ. ಓದಿದಾಗ ನನಗೆ ಹೊಳೆದದ್ದು ಇಷ್ಟು: ಯಾರು ಯಾರನ್ನು ಕುಕ್ಕಿದರು ಅಂತ ಬರೆಯಬೇಕಾದರೆ ಆ ಹುಡುಗನಿಗೆ ಒಂದೊಂದು ಕೋಳಿಯ ಮುಖವೂ ಗೊತ್ತಿರಬೇಕು. ಅವ್ವನಿಗೆ ಇದನ್ನು ಹೇಳಿದೆ. ‘ಅದ್ನ ಬರ್ಯಕೆ ಕಾಲೇಜಿಗೋಗ್ಬೇಕಾ?’ ಅಂದಳು.

ಮೇವಿನ ವಿಷಯ ಬೇಗ ಮುಗಿಸುತ್ತೇನೆ, ಇದರಲ್ಲಿ ಅಂಥ ಗುಟ್ಟೇನಿಲ್ಲ. ಅಂಗಡಿಯಲ್ಲಿ ಮೊಟ್ಟೆ ಕೋಳಿ ಫೀಡ್ ಅಂತ ಸಿಗುವುದರಲ್ಲಿ ಸುಣ್ಣದ ಅಂಶ ಜಾಸ್ತಿ. ಮೊಟ್ಟೆ ಇಡುವವರಿಗೆ ಅದು ಬೇಕು. ಹುಂಜಗಳಿಗೆ, ಮರಿಗಳಿಗೆ ಬೇಡ, ಮೂತ್ರಪಿಂಡಕ್ಕೆ ಕೆಟ್ಟದ್ದು. ಎಲ್ಲರೂ ಒಂದೇ ಅಂಗಳದಲ್ಲಿ ತಿನ್ನುವಾಗ ಇದು ನಿನಗೆ, ಅದು ಅವನಿಗೆ ಅಂತ ಪಂಕ್ತಿ ಮಾಡಲು ಆಗುತ್ತಾ? ಅದಕ್ಕೆ ಎಲ್ಲರಿಗೂ ಬೆಳೆಯುವ ಕೋಳಿಯ ಫೀಡ್, ಜೊತೆಗೆ ನುಚ್ಚು, ಜೋಳ, ಒಂದಿಷ್ಟು ರಾಗಿ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಕರಟದಲ್ಲಿ ಇಡುತ್ತೇವೆ. ಬೇಕಾದವರು ಬಂದು ತಿನ್ನುತ್ತಾರೆ, ಹುಂಜ ಮೂಸಿಯೂ ನೋಡುವುದಿಲ್ಲ. ಪಕ್ಕದ ಮನೆಯವರು ರೇಷ್ಮೆ ಸಾಕುತ್ತಾರೆ. ಗೂಡು ಕಟ್ಟದೆ ಉಳಿದ ಹುಳಗಳನ್ನು ಮಂಕರಿಯಲ್ಲಿ ತಂದು ಸುರಿದ ದಿನ ನಮ್ಮ ಹಿತ್ತಲಲ್ಲಿ ಮದುವೆ ಊಟ. ನೆಲಕ್ಕೆ ಭತ್ತದ ಹೊಟ್ಟು, ಮಿಲ್ಲಿನಿಂದ ಮೂಟೆಗಟ್ಟಲೆ ಸಿಗುತ್ತದೆ.

ಇದಕ್ಕೆಲ್ಲ ನಾನೊಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಫೀಡಿನ ಮೂಟೆ ಎಷ್ಟು, ಮೊಟ್ಟೆ ಎಷ್ಟು, ಯಾವ ತಳಿಯಿಂದ ಎಷ್ಟು. ಆಫೀಸಿನಲ್ಲಿ ಮಾಡುವುದೂ ಇದೇ ಕೆಲಸ, ಕೈ ಸುಮ್ಮನಿರುವುದಿಲ್ಲ. ವರ್ಷದ ಕೊನೆಗೆ ಗೆರೆ ಎಳೆದು ಕೂಡಿಸಿದರೆ ಕೆಂಚಿ ನಷ್ಟ. ನಾಟಿಗಳೆಲ್ಲ ನಷ್ಟ. ಹನ್ನೆರಡು ಹದಿಮೂರು ಮೊಟ್ಟೆ ಇಡುವುದು, ಕಾವಿಗೆ ಕೂರುವುದು, ಆಮೇಲೆ ಮರಿ ಕಟ್ಟಿಕೊಂಡು ಎರಡು ಮೂರು ತಿಂಗಳು ತಿರುಗುವುದು. ಅವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಅದೇ ವರ್ಷ ನಾನು ಥರ್ಮೊಕೋಲ್ ಡಬ್ಬಿಯ ಒಂದು ಮರಿ ಮಾಡುವ ಮೆಷಿನ್ ತರಿಸಿದೆ. 37.5 ಡಿಗ್ರಿ ಬಿಸಿ, ಇಪ್ಪತ್ತೊಂದು ದಿನ, ದಿನಕ್ಕೆ ನಾಲ್ಕೈದು ಸಲ ಮೊಟ್ಟೆ ತಿರುಗಿಸಬೇಕು. ಓದಲು ಎಷ್ಟು ಸುಲಭ. ಇಪ್ಪತ್ತನಾಲ್ಕು ಗಿರಿರಾಜ ಮೊಟ್ಟೆ ಇಟ್ಟೆ. ನಮ್ಮೂರಿನ ಕರೆಂಟಿಗೆ ಇಪ್ಪತ್ತೊಂದು ದಿನದ ತಾಳ್ಮೆ ಎಲ್ಲಿದೆ? ನಾಲ್ಕು ಮರಿ ಬಂದವು. ಉಳಿದವನ್ನು ಒಡೆದು ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಗಿರಿರಾಜ ಹೇಟೆಗಳು ತಾವಾಗಿ ಕಾವಿಗೆ ಕೂರುವುದು ಅಪರೂಪ. ಮೊಟ್ಟೆ ಜಾಸ್ತಿ ಬರಲಿ ಅಂತ ತಳಿ ಮಾಡುವಾಗ ಆ ಗುಣ ಹಿಂದೆ ಉಳಿದುಹೋಗುತ್ತದೆ. ಅವು ಮೊಟ್ಟೆ ಇಟ್ಟು ಎರಡು ಸಲ ಕೂಗಿ ತಿರುಗಿ ನೋಡದೆ ಹೋಗುತ್ತವೆ.

ಅವ್ವ ಏನೂ ಅನ್ನಲಿಲ್ಲ. ಮುಂದಿನ ಸಲ ಕೆಂಚಿ ಕಾವಿಗೆ ಕೂತಾಗ ಅವಳ ಮೊಟ್ಟೆ ತೆಗೆದು ಹದಿಮೂರು ಗಿರಿರಾಜ ಮೊಟ್ಟೆ ಇಟ್ಟಳು. ಮಂಕರಿಗೆ ಹುಲ್ಲು, ಹುಲ್ಲಿನಡಿ ಒಂದು ಕಬ್ಬಿಣದ ಮೊಳೆ, ಎರಡು ಇದ್ದಿಲು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ನಾನು ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಕೆಂಪು ನರ ಜೇಡರ ಬಲೆ ಥರ ಹರಡಿರುವುದು ಹನ್ನೆರಡರಲ್ಲಿ ಕಂಡಿತು. ಕೆಂಚಿ ದಿನಕ್ಕೆ ಒಂದೇ ಸಲ ಎದ್ದು, ಗಬಗಬ ತಿಂದು, ನೀರು ಕುಡಿದು, ಒಂದು ದೊಡ್ಡ ಹಿಕ್ಕೆ ಹಾಕಿ ಮತ್ತೆ ಹೋಗಿ ಕೂರುತ್ತಿದ್ದಳು. ಇಪ್ಪತ್ತೊಂದನೇ ದಿನ ಹನ್ನೊಂದು ಪಿಳ್ಳೆ.

ಆಮೇಲೆ ನೋಡಬೇಕಿತ್ತು ಮಜಾ. ಎರಡು ತಿಂಗಳಿಗೆ ಆ ಮಕ್ಕಳು ಅಮ್ಮನಷ್ಟೇ ಆದವು. ಆದರೂ ಕತ್ತಲಾದರೆ ಅಮ್ಮನ ರೆಕ್ಕೆ ಕೆಳಗೇ ಬೇಕು. ಹನ್ನೊಂದೂ ನುಗ್ಗುತ್ತಿದ್ದವು. ಕೆಂಚಿ ನೆಲದಿಂದ ಮೇಲೆದ್ದು ಮಕ್ಕಳ ಬೆನ್ನ ಮೇಲೆ ತೇಲುತ್ತಿದ್ದಳು, ರೆಕ್ಕೆ ಮಾತ್ರ ಅಗಲಿಸಿಕೊಂಡೇ.

ಇನ್ನು ಹೇಳಬೇಕಾದ್ದು ಬೂದಿಯ ವಿಷಯ. ಇದನ್ನು ಬರೆಯಲು ಎರಡು ವರ್ಷ ತಡ ಮಾಡಿದ್ದೇನೆ.

ಒಂದು ಭಾನುವಾರ ಸಂತೆಯಲ್ಲಿ ಜುಟ್ಟಿನ ಕೋಳಿಯೊಂದು ಕಣ್ಣಿಗೆ ಬಿತ್ತು. ಬಿಳಿ ಮೈ, ತಲೆ ಮೇಲೆ ಚೆಂಡುಹೂವಿನಂಥ ಜುಟ್ಟು. ಹೊಸ ಕೋಳಿಯನ್ನು ಮೂರು ನಾಲ್ಕು ವಾರ ಬೇರೆ ಇಡಬೇಕು, ಬೇರೆ ನೀರು, ಬೇರೆ ಮೇವು, ಅದನ್ನು ಕೊನೆಗೆ ನೋಡಿಕೊಂಡು ಕೈಕಾಲು ತೊಳೆಯಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರವಲ್ಲ, ಬೇರೆಯವರಿಗೂ ಹೇಳಿದ್ದೆ. ಅವತ್ತು ಕತ್ತಲಾಗಿತ್ತು, ಪಂಜರದ ಬಾಗಿಲು ಮುರಿದಿತ್ತು, ಬೆಳಿಗ್ಗೆ ರೈಲಿಗೆ ಹೋಗಬೇಕಿತ್ತು. ಒಂದು ರಾತ್ರಿ ತಾನೇ ಅಂತ ಗೂಡಿನೊಳಗೆ ಬಿಟ್ಟೆ. ಒಂದು ರಾತ್ರಿ ಎರಡಾಯಿತು, ನಾಲ್ಕಾಯಿತು.

ಐದನೇ ಸಂಜೆ ಎಣಿಸಿದೆ. ಇಪ್ಪತ್ತಮೂರು, ಸರಿ ಇತ್ತು. ಚಿಲಕ ಹಾಕುವಾಗ ಹಿಂದಿನಿಂದ ಅವ್ವ ಅಂದಳು, ‘ಬೂದಿ ಯಾಕೆ ಕೆಳಗೆ ಕೂತವ್ಳೆ?’

ಬೂದಿ ನಾಟಿ ಹೇಟೆ. ಮೇಲಿನ ಗಳದಲ್ಲಿ ಕೆಂಚಿಯ ಪಕ್ಕ ಅವಳ ಜಾಗ. ಅವತ್ತು ಕೆಳಗಿನ ಗಳದ ತುದಿಯಲ್ಲಿ, ಗರಿ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು ಕೂತಿದ್ದಳು. ‘ಇದ್ದಾಳಲ್ಲ ಬಿಡವ್ವ, ಲೆಕ್ಕ ಸರಿ ಇದೆ’ ಅಂದೆ. ‘ಇದ್ದಾಳೆ ಕಣವ್ವ. ಅವಳು ಅಲ್ಲಿ ಕೂರೋಳಲ್ಲ’ ಅಂದಳು. ನನಗೆ ಹಸಿವಾಗಿತ್ತು.

ಬೆಳಿಗ್ಗೆ ನೋಡಿದರೆ ಬೂದಿ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಕೆಳಗೆ ಹೊಟ್ಟಿನ ಮೇಲೆ ಹಸಿರು ಬೆರೆತ ಬಿಳಿ ಹಿಕ್ಕೆ. ಇಂಗ್ಲೆಂಡಿನಲ್ಲಿ ಇದಕ್ಕೆ ನ್ಯೂಕಾಸಲ್ ಅಂತ ಊರಿನ ಹೆಸರು, ನಮ್ಮ ದೇಶದಲ್ಲಿ ರಾಣಿಖೇತ್ ಅಂತ ಇನ್ನೊಂದು ಊರಿನ ಹೆಸರು. ಹಳ್ಳಿಯಲ್ಲಿ ಕೊಕ್ಕರೆ ರೋಗ ಅನ್ನುತ್ತಾರೆ. ಬಂದ ಮೇಲೆ ಔಷಧಿ ಇಲ್ಲ. ಸಂಜೆಗೆ ಬೂದಿ ಹೋದಳು. ಹತ್ತು ದಿನದಲ್ಲಿ ಹನ್ನೊಂದು ಹೋದವು. ನಾಲ್ಕು ಗಿರಿರಾಜ, ಮೂರು ಸ್ವರ್ಣಧಾರ, ಬೂದಿ ಸೇರಿ ಮೂರು ನಾಟಿ, ಮತ್ತೆ ಕಾಳಿ. ಸಂತೆಯಿಂದ ಬಂದ ಜುಟ್ಟಿನವಳಿಗೆ ಏನೂ ಆಗಲಿಲ್ಲ. ಅವಳು ಚೆನ್ನಾಗಿ ತಿಂದುಕೊಂಡು ಓಡಾಡುತ್ತಿದ್ದಳು.

ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಎರಡು, ಎರಡೂ ನನ್ನವು. ಬೇರೆ ಇಡದೇ ಇದ್ದದ್ದು ಒಂದು. ಇನ್ನೊಂದು ಲಸಿಕೆ. ಮರಿಗೆ ಐದರಿಂದ ಏಳು ದಿನ ಆದಾಗ ಕಣ್ಣಿಗೆ ಹನಿ ಲಸಿಕೆ, ಎಂಟು ವಾರಕ್ಕೆ ರೆಕ್ಕೆ ಹತ್ತಿರ ಸೂಜಿ. ಹನಿ ಹಾಕಿಸಿದ್ದೆ. ಸೂಜಿಯದು ಬಿಟ್ಟುಹೋಗಿತ್ತು. ನಾಟಿಗಳಿಗೆ ಏನೂ ಬರುವುದಿಲ್ಲ ಅಂತ ಅವಕ್ಕೆ ಎರಡೂ ಇಲ್ಲ. ಲಸಿಕೆಯ ಸೀಸೆ ಬರುವುದು ನೂರು ಡೋಸಿನ ಲೆಕ್ಕದಲ್ಲಿ. ಒಂದು ಸಲ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಇಪ್ಪತ್ತು ಕೋಳಿಗೆ ನೂರು ಡೋಸ್ ಯಾಕೆ, ಎಂಬತ್ತು ದಂಡ ಅಲ್ವಾ ಅಂತ ನನ್ನ ಪುಸ್ತಕದ ಬುದ್ಧಿ ಹೇಳಿತ್ತು.

ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಮಣ್ಣು ಎಳೆಯುವಾಗ ನನಗೆ 2020ರ ಮಾರ್ಚ್ ನೆನಪಾಯಿತು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಅಂತ ಗೊತ್ತಾಗಿ ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಂದರು. ಬೇರೆ ದಾರಿ ಇರಲಿಲ್ಲ, ಆ ಕಾಯಿಲೆಗೆ ನಿಯಮವೇ ಹಾಗೆ. ಪೇಪರಿನಲ್ಲಿ ಸಾವಿರದ ಲೆಕ್ಕ ಬಂತು. ಅವ್ವನಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ. ‘ಅದ್ರಲ್ಲಿ ಹಿತ್ತಲಲ್ಲಿ ಸಾಕಿದವೂ ಇದ್ವಾ?’

ಈಗ ನಮ್ಮ ಬೀದಿಯ ಐದು ಮನೆಯವರು ಸೇರಿ ಒಂದು ಸೀಸೆ ತರುತ್ತೇವೆ. ಫ್ಲಾಸ್ಕಿಗೆ ಐಸ್ ತುಂಬಿ ಪಶು ಆಸ್ಪತ್ರೆಯಿಂದ ತರುವುದು ನನ್ನ ಕೆಲಸ. ಕತ್ತಲಾದ ಮೇಲೆ, ಗಳದ ಮೇಲೆ ಕೂತಿರುವಾಗಲೇ ಒಂದೊಂದನ್ನು ಎತ್ತಿಕೊಂಡರೆ ಗಲಾಟೆ ಮಾಡುವುದಿಲ್ಲ. ಆದವರ ರೆಕ್ಕೆಗೆ ಅರಿಶಿನದ ಬೊಟ್ಟು. ಬೇರೆ ಮನೆಯಲ್ಲಿ ಬಿಳಿ ಕೋಳಿಗಳೇ ಹತ್ತು ಹದಿನೈದು ಇವೆ, ಯಾವುದಕ್ಕೆ ಆಯ್ತು ಯಾವುದಕ್ಕೆ ಇಲ್ಲ ಅಂತ ಅವ್ವನಿಗೂ ಅಲ್ಲಿ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಅರಿಶಿನ ಬೇಕಾಗಿಲ್ಲ. ಬೆರಕೆ ಹಿಂಡಿನ ದೊಡ್ಡ ಅನುಕೂಲ ಇದೇ ಅಂತ ನನಗೆ ಅನಿಸಿದೆ, ಯಾವ ಕೈಪಿಡಿಯಲ್ಲೂ ಇದನ್ನು ಓದಿದ ನೆನಪಿಲ್ಲ. ಬೋಳುಗತ್ತಿನವಳು ಒಬ್ಬಳೇ. ಚುಕ್ಕಿ ಒಬ್ಬಳೇ. ಯಾರಾದರೂ ಮಂಕಾದರೆ ದೂರದಿಂದಲೇ ಕಾಣುತ್ತದೆ, ನೋಡುವ ಕಣ್ಣಿದ್ದರೆ.

ಹೆಸರಿಟ್ಟು ಸಾಕುತ್ತೇವೆ ಅಂದರೆ ತಿನ್ನುವುದಿಲ್ಲ ಅಂತ ಅಂದುಕೊಳ್ಳಬೇಡಿ. ಮರಿಗಳಲ್ಲಿ ಅರ್ಧ ಹುಂಜ ಆಗುತ್ತವೆ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಜಾಸ್ತಿ ಇದ್ದರೆ ಹೇಟೆಗಳ ಬೆನ್ನಿನ ಗರಿ ಕಿತ್ತು ಬರುತ್ತದೆ. ನಮ್ಮಲ್ಲಿ ಉಳಿಯುವುದು ಇಬ್ಬರು, ಅದರಲ್ಲಿ ಒಬ್ಬ ‘ಗೌಡ್ರು’, ನಡೆಯುವ ಗತ್ತು ನೋಡಿ ಇಟ್ಟ ಹೆಸರು. ಉಳಿದವು ಯುಗಾದಿ ಮಾರನೆಯ ದಿನ ಹೊಸತೊಡಕಿಗೆ ಹೋಗುತ್ತವೆ. ಆ ವಾರ ನಾಟಿ ಹುಂಜ ಕೇಳಿಕೊಂಡು ಬರುವವರು ಬೆಳಿಗ್ಗೆ ಆರಕ್ಕೇ ಗೇಟು ತಟ್ಟುತ್ತಾರೆ. ನನಗೆ ಆ ದಿನ ಹಿತ್ತಲಿಗೆ ಹೋಗಲು ಮನಸ್ಸಾಗುವುದಿಲ್ಲ. ಅವ್ವನಿಗೆ ಅಂಥದ್ದೇನಿಲ್ಲ. ಕಾಲು ಕಟ್ಟಿ ಕೊಟ್ಟು, ದುಡ್ಡು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ನಮ್ಮ ಮನೆಗೆ ಇಟ್ಟುಕೊಂಡದ್ದರ ಸಾರು ಬಡಿಸುವಾಗ ‘ಇದು ಕೆಂಚಿ ಎರಡನೇ ಕಾವಿನ ಮಗ, ಭಾರಿ ಜಗಳಗಂಟ’ ಅಂತ ಹೇಳುತ್ತಾ ಮುದ್ದೆ ಮೇಲೆ ಸುರಿಯುತ್ತಾಳೆ.

ರೋಗದಲ್ಲಿ ಉಳಿದ ಹನ್ನೆರಡರಲ್ಲಿ ಒಬ್ಬಳು ಸ್ವರ್ಣಧಾರ ಹೇಟೆ. ಜೀವ ಉಳಿಯಿತು, ಕತ್ತು ತಿರುಚಿಕೊಂಡೇ ಉಳಿಯಿತು. ತಲೆ ಯಾವಾಗಲೂ ಎಡಕ್ಕೆ ವಾಲಿರುತ್ತದೆ. ಅವ್ವ ಅವಳನ್ನು ‘ವಾರೆ’ ಅನ್ನುತ್ತಾಳೆ. ನೆಲದ ಮೇಲೆ ಒಂದು ಜೋಳದ ಕಾಳು ಹಾಕಿದರೆ ವಾರೆ ಗುರಿಯಿಟ್ಟು ಕುಕ್ಕುತ್ತಾಳೆ. ಎರಡಂಗುಲ ಪಕ್ಕಕ್ಕೆ ಬೀಳುತ್ತದೆ. ಇನ್ನೊಮ್ಮೆ ಕುಕ್ಕುತ್ತಾಳೆ, ಮತ್ತೆ ಎರಡಂಗುಲ. ಅಷ್ಟರಲ್ಲಿ ಕಾಳು ಬೇರೆಯವರ ಹೊಟ್ಟೆಯಲ್ಲಿ. ಅವಳಿಗೆ ಆಳದ ಬಟ್ಟಲಲ್ಲಿ ಮೇವು ತುಂಬಿ ಕೊಡಬೇಕು. ಆಗ ಎಲ್ಲಿ ಕುಕ್ಕಿದರೂ ಒಂದಲ್ಲ ಒಂದು ಕಾಳು ಸಿಗುತ್ತದೆ. ಗಳ ಹತ್ತಲು ಆಗುವುದಿಲ್ಲ. ರಾತ್ರಿ ಬಾಗಿಲ ಮೂಲೆಯಲ್ಲಿ ಮಡಚಿದ ಗೋಣಿಚೀಲದ ಮೇಲೆ ಮಲಗುತ್ತಾಳೆ. ಮೊಟ್ಟೆ ನಿಂತು ಹೋಗಿ ಎಷ್ಟೋ ದಿನ ಆಯ್ತು. ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿನ ಸಾಲು ಖಾಲಿ ಇದೆ. ಪುಸ್ತಕವನ್ನೂ ಈಗ ಅಷ್ಟಾಗಿ ಬರೆಯುತ್ತಿಲ್ಲ ಅನ್ನಿ.

ಹೋದ ತಿಂಗಳು ಅವ್ವ ಕಣ್ಣಿನ ಆಪರೇಷನ್ನಿಗೆ ಅಂತ ಮಂಡ್ಯದಲ್ಲಿ ಅಕ್ಕನ ಮನೆಗೆ ಹೋಗಿ ಒಂದು ವಾರ ಇದ್ದಳು. ಕಣ್ಣಿಗೆ ಕಪ್ಪು ಕನ್ನಡಕ, ಹೊಗೆ ಧೂಳಿನ ಹತ್ತಿರ ಹೋಗಬೇಡ ಅಂದಿದ್ದರು. ಹಿತ್ತಲು ನನ್ನ ಪಾಲಿಗೆ. ಮೊದಲ ಸಂಜೆ ರೈಲು ತಡ ಆಯಿತು. ನಾನು ಬಂದಾಗ ಪೂರ್ತಿ ಕತ್ತಲು, ಎಲ್ಲರೂ ಗಳ ಹತ್ತಿ ಆಗಿತ್ತು. ಟಾರ್ಚ್ ಬಿಟ್ಟು ಎಣಿಸಿದೆ. ಇಪ್ಪತ್ತೆರಡು. ಚಿಲಕ ಹಾಕಿ ಒಳಗೆ ಬಂದು ಕುಕ್ಕರ್ ಇಟ್ಟೆ.

ಫೋನ್ ಬಂತು. ಊಟ ಆಯ್ತಾ ಅಂತಲೂ ಕೇಳಲಿಲ್ಲ.

‘ಎಲ್ಲ ಬಂದ್ವಾ?’

‘ಬಂದ್ವು ಕಣವ್ವ. ಇಪ್ಪತ್ತೆರಡು.’

‘ವಾರೆ ಎಲ್ಲಿ ಕೂತವ್ಳೆ?’

ಗೋಣಿಚೀಲದ ಮೇಲೆ ಅಂತ ಬಾಯಿಗೆ ಬಂತು. ನೋಡಿರಲಿಲ್ಲ. ‘ತಡಿ’ ಅಂದು ಫೋನ್ ಹಿಡಿದುಕೊಂಡೇ ಚಪ್ಪಲಿ ಹಾಕಿ ಹಿತ್ತಲಿಗೆ ಹೋದೆ. ಚಿಲಕ ತೆಗೆದು ಟಾರ್ಚ್ ಬಿಟ್ಟರೆ ಗೋಣಿಚೀಲ ಖಾಲಿ. ಬೆಳಕನ್ನು ನಿಧಾನಕ್ಕೆ ಕೆಳಗಿನ ಗಳದ ಉದ್ದಕ್ಕೂ ಸರಿಸಿದೆ. ಒಂದು ಗಿರಿರಾಜ, ಎರಡು, ಮೂರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ, ಎಡಕ್ಕೆ ವಾಲಿದ ಒಂದು ತಲೆ.

‘ಗಳದ ಮೇಲೆ ಕೂತವ್ಳೆ ಅವ್ವ’ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಯಾವ್ ಗಳ?’ ಅಂದಳು.